ಪ್ಲಾಸ್ಟಿಕ್ಕಿಗೆ ಮರದ ನಾರು, ಕಲ್ಲಿನ ಪುಡಿ: ಬಲ ಬರುವುದು ಹೇಗೆ, ಕೆಡುವುದು ಎಲ್ಲಿ

ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಿವಿಸಿಯಂಥ ಪ್ಲಾಸ್ಟಿಕ್ಕುಗಳನ್ನು ಕರಗಿಸುವಾಗ ಮರದ ಪುಡಿಯನ್ನೋ ನುಣ್ಣಗೆ ಅರೆದ ಕಲ್ಲಿನ ಪುಡಿಯನ್ನೋ ಬೆರೆಸುವುದು ಆ ಉದ್ಯಮದ ಹಳೆಯ ಪದ್ಧತಿ. ಕಾರಿನ ಡ್ಯಾಶ್‌ಬೋರ್ಡ್, ವಾಷಿಂಗ್ ಮಷೀನಿನ ಒಳತೊಟ್ಟಿ, ಅಂಗಳದ ಕುರ್ಚಿ, ಪಿವಿಸಿ ಪೈಪು, ಬಚ್ಚಲುಮನೆಯ ಡಬ್ಲ್ಯುಪಿಸಿ (ಮರ-ಪ್ಲಾಸ್ಟಿಕ್ ಬೆರಕೆ) ಬಾಗಿಲು ಇವುಗಳಲ್ಲಿ ಬರಿಯ ಪ್ಲಾಸ್ಟಿಕ್ ಇರುವುದು ಅಪರೂಪ. ಗೋಡೆ ಕಟ್ಟುವ ಮಣ್ಣಿಗೆ ಹುಲ್ಲು ಹಾಕಿ ತುಳಿಯುವುದರ ಹಿಂದಿರುವ ತತ್ವವೇ ಇಲ್ಲಿಯದೂ: ಮೆತ್ತನೆಯ ವಸ್ತುವಿನ ಒಳಗೆ ಬಿಗಿಯಾದ ಎಳೆಗಳು ಹರಡಿಕೊಂಡರೆ, ಮೇಲೆ ಬಿದ್ದ ಭಾರದ ಹೆಚ್ಚಿನ ಪಾಲನ್ನು ಆ ಎಳೆಗಳು ಹೊರುತ್ತವೆ.

ಆದರೆ ಬೆರೆಸಿದ್ದೆಲ್ಲವೂ ಬಲ ಕೊಡುವುದಿಲ್ಲ. ಕಣದ ಆಕಾರ ಇದನ್ನು ನಿರ್ಧರಿಸುತ್ತದೆ. ಗುಂಡಗೆ ಅಥವಾ ಚೌಕಾಕಾರವಾಗಿರುವ ಕಣ ಜಾಗವನ್ನು ತುಂಬುತ್ತದೆ, ಸ್ವಲ್ಪ ಬಿಗಿತ ಕೊಡುತ್ತದೆ, ಅಷ್ಟೇ. ಸೂಜಿಯಂತೆ ಉದ್ದವಾಗಿದ್ದರೆ ಅಥವಾ ಹಾಳೆಯಂತೆ ತೆಳ್ಳಗಿದ್ದರೆ ಮಾತ್ರ ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಎಳೆತ ಕಣದ ಮೈಯುದ್ದಕ್ಕೂ ಸಾಗಿ ಅದರೊಳಕ್ಕೆ ಇಳಿಯಲು ಸಾಧ್ಯ. ಗರಗಸದ ಹೊಟ್ಟನ್ನು ಬೀಸಿ ಮಾಡಿದ ಮರದ ಪುಡಿಯ ಕಣಗಳಲ್ಲಿ ಉದ್ದವು ದಪ್ಪದ ಮೂರರಿಂದ ಐದು ಪಟ್ಟು ಇದ್ದರೆ ಹೆಚ್ಚು. ಬಿಡಿಬಿಡಿಯಾಗಿ ಬೇರ್ಪಡಿಸಿದ ಮರದ ನಾರಿನಲ್ಲಿ ಅದು ಹತ್ತು ಪಟ್ಟನ್ನು ದಾಟುತ್ತದೆ. ಆದ್ದರಿಂದ ಒಂದೇ ಮರದಿಂದ ಬಂದರೂ ಪುಡಿಗೂ ನಾರಿಗೂ ಫಲದಲ್ಲಿ ದೊಡ್ಡ ಅಂತರವಿದೆ.

ಈ ಬೆರಕೆಯ ಚರಿತ್ರೆ ಪ್ಲಾಸ್ಟಿಕ್ಕಿನ ಚರಿತ್ರೆಯಷ್ಟೇ ಹಳೆಯದು. ಬೆಲ್ಜಿಯಂ ಮೂಲದ ಲಿಯೊ ಬೇಕಲ್ಯಾಂಡ್ 1907ರಲ್ಲಿ ಅಮೆರಿಕದಲ್ಲಿ ರೂಪಿಸಿದ ಬೇಕಲೈಟ್ ತಾನೇ ತಾನಾಗಿ ಬಲು ಪೆಡಸು. ಮರದ ಪುಡಿ ಸೇರಿದ ಮೇಲೆ ಅದು ಸ್ವಿಚ್ಚಿಗೂ ಟೆಲಿಫೋನಿಗೂ ಪ್ರೆಷರ್ ಕುಕ್ಕರಿನ ಹಿಡಿಗೂ ಒದಗಿತು. ಮತ್ತೆ ಕರಗಿಸಬಹುದಾದ ಪ್ಲಾಸ್ಟಿಕ್ಕುಗಳಿಗೆ ಮರ ಸೇರಿದ್ದು ತಡವಾಗಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಶೆಬಾಯ್ಗನ್‌ನಲ್ಲಿ ಅಮೆರಿಕನ್ ವುಡ್‌ಸ್ಟಾಕ್ ಕಂಪನಿ 1983ರಲ್ಲಿ ಇಟಲಿಯ ತಂತ್ರಜ್ಞಾನ ತಂದು, ಪಾಲಿಪ್ರೊಪಿಲೀನ್ ಅರ್ಧ, ಮರದ ಪುಡಿ ಅರ್ಧ ಸೇರಿಸಿದ ಹಾಳೆಗಳನ್ನು ಕಾರಿನ ಒಳಮೈಗಾಗಿ ತಯಾರಿಸತೊಡಗಿತು. ಮನೆಯ ಜಗಲಿ, ಕಟ್ಟೆಗಳಿಗೆ ಹಾಸುವ ಹಲಗೆಗಳು ಅಲ್ಲಿ 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದವು.

ಕಲ್ಲಿನ ಪುಡಿಗಳು

ಖನಿಜಗಳಲ್ಲಿ ಹೆಚ್ಚು ಬಳಕೆಯಾಗುವುದು ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಇದರ ಕಣಗಳು ಹೆಚ್ಚುಕಡಿಮೆ ಉದ್ದಗಲ ಒಂದೇ ಆಗಿರುವಂಥವು, ಹಾಗಾಗಿ ಬಲ ಹೆಚ್ಚಿಸುವ ಕೆಲಸ ಇದರದಲ್ಲ. ಅಗ್ಗದ ಬೆಲೆ, ಬಿಳಿ ಬಣ್ಣ, ಪೆಟ್ಟು ತಾಳುವ ಗುಣವನ್ನು ತೀರಾ ಕೆಡಿಸದಿರುವುದು ಇದರ ಹೆಚ್ಚುಗಾರಿಕೆ. ಮೂರು ಮೈಕ್ರಾನಿಗಿಂತ ಸಣ್ಣಗೆ ಅರೆದು, ಕಣಗಳು ಮುದ್ದೆಗಟ್ಟದಂತೆ ಸ್ಟಿಯರಿಕ್ ಆಮ್ಲ ಲೇಪಿಸಿದ ಪುಡಿಯನ್ನೇ ಕೊಳ್ಳುವುದು ಒಳ್ಳೆಯದು. ಲೇಪವಿಲ್ಲದ ಒರಟು ಪುಡಿಯ ಗಂಟುಗಳೇ ಮುಂದೆ ಬಿರುಕು ಹುಟ್ಟುವ ಜಾಗಗಳಾಗುತ್ತವೆ.

ಟಾಲ್ಕ್ ಬೇರೆಯದೇ ಜಾತಿ. ಬಳಪದ ಕಲ್ಲಿನ ಮುಖ್ಯ ಖನಿಜ ಇದು. ಬೇಲೂರು ಹಳೇಬೀಡಿನ ಕಲ್ಲಿನಲ್ಲಿ ಉಳಿ ಅಷ್ಟು ಸಲೀಸಾಗಿ ಆಡಲು ಟಾಲ್ಕಿನಂಥ ಮೆದು ಪದರು ಖನಿಜಗಳೇ ಕಾರಣ. ಮೋಸ್ ಗಡಸುತನದ ಮಾಪಕದಲ್ಲಿ ಇದರ ಸ್ಥಾನ 1, ಎಲ್ಲಕ್ಕಿಂತ ಮೆದು. ಹೀಗಾಗಿ ಯಂತ್ರದ ಸ್ಕ್ರೂ ಮತ್ತು ಬ್ಯಾರೆಲ್ ಬೇಗ ಸವೆಯುವುದಿಲ್ಲ. ತೆಳ್ಳನೆಯ ಪದರುಗಳಾಗಿ ಒಡೆಯುವ ಕಾರಣ ಬಿಗಿತವನ್ನು ಚೆನ್ನಾಗಿ ಏರಿಸುತ್ತದೆ. ಪಾಲಿಪ್ರೊಪಿಲೀನಿಗೆ ತೂಕದಲ್ಲಿ ಶೇ 40ರಷ್ಟು ಟಾಲ್ಕ್ ಸೇರಿಸಿದರೆ ಬಿಗಿತ ಎರಡು ಪಟ್ಟನ್ನು ದಾಟುತ್ತದೆ, ಬಿಸಿಯಲ್ಲಿ ಜೋತು ಬೀಳುವುದು ತಗ್ಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಚಳಿಯಲ್ಲಿ ಪೆಟ್ಟು ಬಿದ್ದರೆ ವಸ್ತು ಬೇಗ ಒಡೆಯುತ್ತದೆ, ಮೇಲ್ಮೈ ಗೀರಿದರೆ ಬಿಳಿ ಗೆರೆ ಎದ್ದು ಕಾಣುತ್ತದೆ. ದೇಶದಲ್ಲಿ ಟಾಲ್ಕ್ ಹೆಚ್ಚಾಗಿ ಬರುವುದು ರಾಜಸ್ಥಾನದಿಂದ. ಸೂಜಿಯಾಕಾರದ ವೊಲಾಸ್ಟೊನೈಟ್ ಕೂಡ ಅಲ್ಲಿಯದೇ. ಅಭ್ರಕ ಟಾಲ್ಕಿಗಿಂತಲೂ ಹೆಚ್ಚು ಬಿಗಿತ ಕೊಡುತ್ತದೆ. ಸದ್ದು ತಡೆಯುವ ಭಾರದ ಹಾಳೆಗಳಿಗೆ ಬೆರೈಟ್ಸ್, ಬೆಂಕಿ ತಡೆಯುವ ಕೇಬಲ್ ಹೊದಿಕೆಗೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಬಳಸುವುದುಂಟು. ಈ ಕೊನೆಯದು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಬಿಡುತ್ತದೆ. ಆ ಗುಣವೇ ಬೆಂಕಿಯನ್ನು ತಡೆಯುವುದು, ಅದೇ ಕಾರಣಕ್ಕೆ ಹೆಚ್ಚಿನ ಬಿಸಿಯಲ್ಲಿ ಕರಗುವ ಪ್ಲಾಸ್ಟಿಕ್ಕಿಗೆ ಅದು ಒಗ್ಗದು.

ಮೋಲ್ಡ್ ಕುರಿತು ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಬರಿಯ ಪಾಲಿಪ್ರೊಪಿಲೀನ್ ಅಚ್ಚಿನಲ್ಲಿ ತಣಿಯುವಾಗ ಶೇ 1.5ರಿಂದ 2ರಷ್ಟು ಕುಗ್ಗುತ್ತದೆ. ಟಾಲ್ಕ್ ಹೆಚ್ಚಾಗಿ ಸೇರಿದರೆ ಕುಗ್ಗುವಿಕೆ ಶೇ 1ರ ಸುತ್ತಮುತ್ತ ನಿಲ್ಲುತ್ತದೆ. 200 ಮಿಲಿಮೀಟರ್ ಅಗಲದ ಮುಚ್ಚಳ ಮೊದಲು ಶೇ 1.8 ಕುಗ್ಗುತ್ತಿತ್ತು ಎನ್ನೋಣ. ಈಗ ಶೇ 1 ಮಾತ್ರ ಕುಗ್ಗಿದರೆ ಅದೇ ಅಚ್ಚಿನಿಂದ ಹೊರಬರುವ ಮುಚ್ಚಳ 1.6 ಮಿಲಿಮೀಟರ್ ದೊಡ್ಡದಾಗಿರುತ್ತದೆ, ಹಳೆಯ ಡಬ್ಬಿಗೆ ಕೂರುವುದಿಲ್ಲ. ಹಳೆಯ ಮೋಲ್ಡ್‌ನಲ್ಲಿ ಹೊಸ ಕಂಪೌಂಡ್, ಅಂದರೆ ಪುಡಿ ಬೆರೆತ ಪ್ಲಾಸ್ಟಿಕ್, ಓಡಿಸುವ ಮುನ್ನ ಈ ಲೆಕ್ಕ ಆಗಲೇಬೇಕು.

ಮರದ ಪುಡಿ, ನಾರು

ಮರಕ್ಕಿರುವ ಮೊದಲ ಮಿತಿ ಬಿಸಿ. ಸುಮಾರು 200 ಡಿಗ್ರಿ ದಾಟಿದರೆ ಮರ ಕಂದುಗಟ್ಟಿ, ಹೊಗೆಯಾಡಿ, ಹುಳಿ ವಾಸನೆಯ ಆವಿ ಬಿಡುತ್ತದೆ. ಆ ಆಮ್ಲದ ಆವಿ ಉಕ್ಕಿನ ಅಚ್ಚನ್ನೂ ತಿನ್ನುತ್ತದೆ. ಪಾಲಿಎಥಿಲೀನ್ ಕರಗುವುದು ಸುಮಾರು 130 ಡಿಗ್ರಿಯಲ್ಲಿ, ಪಾಲಿಪ್ರೊಪಿಲೀನ್ 165ರ ಹತ್ತಿರ, ಪಿವಿಸಿ ಹದಕ್ಕೆ ಬರುವುದೂ 200ರ ಒಳಗೆ. ಮರಕ್ಕೆ ಇವು ಮುಖ್ಯ ಜೊತೆಗಾರರಾದದ್ದು ಈ ಕಾರಣಕ್ಕೆ. ನೀರಿನ ಬಾಟಲಿಯ ಪೆಟ್ ಕರಗಲು 250 ಡಿಗ್ರಿ ದಾಟಬೇಕು. ಅಷ್ಟರಲ್ಲಿ ಮರ ಸುಟ್ಟಿರುತ್ತದೆ.

ಎರಡನೆಯ ಮಿತಿ ತೇವ, ಮತ್ತು ಸಣ್ಣ ಘಟಕಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕೈಗೆ ಒಣಗಿದಂತೆ ತೋರುವ ಮರದ ಪುಡಿಯಲ್ಲೂ ಶೇ 8ರಷ್ಟು ನೀರಿರುವುದು ಸಾಮಾನ್ಯ. ಅಂಥ ಒಂದು ಕಿಲೊ ಪುಡಿಯಲ್ಲಿ 80 ಗ್ರಾಂ ನೀರು. ಅದು ಬ್ಯಾರೆಲಿನೊಳಗೆ ಆವಿಯಾದರೆ ಮಾಮೂಲಿ ಒತ್ತಡದ ಲೆಕ್ಕದಲ್ಲಿ 130 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಡೈಯಿಂದ ಹೊರಬರುವ ಪಟ್ಟಿ ಉಬ್ಬಿ, ಮೈಯೆಲ್ಲ ಗುಳ್ಳೆಯಾಗಿ, ಮುರಿದು ನೋಡಿದರೆ ಒಳಗೆ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಪುಡಿಯನ್ನು 100–105 ಡಿಗ್ರಿಯಲ್ಲಿ ತೇವ ಶೇ 1ಕ್ಕಿಂತ ಕೆಳಗಿಳಿಯುವ ತನಕ ಒಣಗಿಸಬೇಕು, ಒಣಗಿದ್ದನ್ನು ಗಾಳಿಯಾಡದ ಚೀಲದಲ್ಲಿಟ್ಟು ಅಂದಂದೇ ಬಳಸಬೇಕು. ಮುಂಗಾರಿನಲ್ಲಿ ಮಂಗಳೂರಿನ ಕಡೆ ತೆರೆದಿಟ್ಟ ಹಾಪರಿನಲ್ಲೇ ಪುಡಿ ಮತ್ತೆ ತೇವ ಹೀರಿಕೊಳ್ಳುತ್ತದೆ. ತೇವ ಅಳೆಯಲು ದುಬಾರಿ ಯಂತ್ರ ಬೇಕೆಂದೇನಿಲ್ಲ: 100 ಗ್ರಾಂ ಪುಡಿಯನ್ನು ತೂಗಿ, ಓವನ್ನಿನಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿದರೆ ಕಳೆದುಹೋದ ಗ್ರಾಂಗಳೇ ಶೇಕಡಾವಾರು ತೇವ.

ಪುಡಿಯ ಗಾತ್ರ ಸಾಮಾನ್ಯವಾಗಿ 40ರಿಂದ 80 ಮೆಷ್ ಜರಡಿಯ ನಡುವೆ ಇರುತ್ತದೆ. ಯಾವ ಮರದ ಪುಡಿ ಎಂಬುದೂ ಮುಖ್ಯ. ತೇಗದಂಥ ಎಣ್ಣೆಯಂಶದ ಮರಗಳು ಬಿಸಿಗೆ ಬಣ್ಣ ಬಿಡುತ್ತವೆ. ಸಿಲ್ವರ್ ಓಕ್, ರಬ್ಬರ್ ಮರ, ನೀಲಗಿರಿಯಂಥ ತೋಟದ ಮರಗಳ ಹೊಟ್ಟು ಕರ್ನಾಟಕದ ಸಾಮಿಲ್ಲುಗಳಲ್ಲಿ ಯಥೇಚ್ಛವಾಗಿ ಸಿಗುತ್ತದೆ. ಆದರೆ ಹತ್ತಾರು ಜಾತಿಯ ಹೊಟ್ಟು ಬೆರೆತಿದ್ದರೆ ಒಂದು ಚೀಲದ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ. ಭತ್ತದ ಹೊಟ್ಟನ್ನು ಬಳಸಬಹುದು, ಬಳಸುತ್ತಲೂ ಇದ್ದಾರೆ. ಅದರಲ್ಲಿರುವ ಸಿಲಿಕಾ ಸ್ಕ್ರೂವನ್ನು ಬೇಗ ಸವೆಸುತ್ತದೆ ಎಂಬುದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ, ಬಿದಿರುಗಳ ನಾರನ್ನು ಪ್ಲಾಸ್ಟಿಕ್ಕಿಗೆ ಬೆರೆಸುವ ಸಂಶೋಧನೆ ನಡೆದಿದೆ. ಪಾಲಿಪ್ರೊಪಿಲೀನ್ ರಾಜ್ಯದಲ್ಲೇ, ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ತಯಾರಾಗುತ್ತದೆ.

ಎರಡನ್ನೂ ಬೆಸೆಯುವ ಕೊಂಡಿ

ಮರ ನೀರನ್ನು ಬಯಸುವ ವಸ್ತು, ಪಾಲಿಪ್ರೊಪಿಲೀನ್ ನೀರನ್ನು ದೂಡುವ ವಸ್ತು. ಎರಡನ್ನೂ ಎಷ್ಟು ಕಲಸಿದರೂ ಗಡಿಯಲ್ಲಿ ಅವು ಅಂಟಿಕೊಳ್ಳುವುದಿಲ್ಲ. ಎಳೆದಾಗ ನಾರು ತುಂಡಾಗುವ ಬದಲು ಗೂಡಿನಿಂದ ಜಾರಿ ಹೊರಬರುತ್ತದೆ. ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ನಯವಾದ ಖಾಲಿ ಕುಳಿಗಳು ಸಿಗುತ್ತವೆ. ಇದಕ್ಕೆ ಪರಿಹಾರ ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನ್. ಅದರ ಒಂದು ಭಾಗ ಮರದ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಉದ್ದನೆಯ ಬಾಲ ಸುತ್ತಲಿನ ಪ್ಲಾಸ್ಟಿಕ್ಕಿನೊಳಗೆ ಹೆಣೆದುಕೊಳ್ಳುತ್ತದೆ. ಪಾಲಿಎಥಿಲೀನಿಗೆ ಇದೇ ರೀತಿಯ ಪಾಲಿಎಥಿಲೀನ್ ಕೊಂಡಿ ಬೇಕು. ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ದುಡ್ಡು ದಂಡ.

ಈ ಕೊಂಡಿ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯ ಪ್ರಕಟಿಸಿದ ಅಂಕಿಗಳು ಸ್ಪಷ್ಟ ಉತ್ತರ ಕೊಡುತ್ತವೆ. ಬರಿಯ ಪಾಲಿಪ್ರೊಪಿಲೀನ್ ತಾಳಿದ ಎಳೆತ 28.5 ಮೆಗಾಪಾಸ್ಕಲ್. ಶೇ 40ರಷ್ಟು ಮರದ ಪುಡಿ ಸೇರಿಸಿದಾಗ ಅದು 25.4ಕ್ಕೆ ಇಳಿಯಿತು: ಬಲ ಹೆಚ್ಚುವ ಬದಲು ಕುಗ್ಗಿತು. ಶೇ 3ರಷ್ಟು ಕೊಂಡಿ ಸೇರಿದ ಮೇಲೆ 32.3ಕ್ಕೆ ಬಂತು. ಪುಡಿಯ ಬದಲು ನಾರು ಹಾಕಿ ಅದೇ ಕೊಂಡಿ ಸೇರಿಸಿದಾಗ 52.3. ಬಿಗಿತ ಮಾತ್ರ ಈ ನಾಲ್ಕರಲ್ಲಿ ಮರವಿದ್ದ ಮೂರರಲ್ಲೂ ಎರಡೂವರೆ ಪಟ್ಟಿನಷ್ಟು ಏರಿತ್ತು, ಕೊಂಡಿ ಇದ್ದರೂ ಇಲ್ಲದಿದ್ದರೂ. ಕೊಂಡಿಯಿಲ್ಲದ ಹಲಗೆಯನ್ನು ಕೈಯಲ್ಲಿ ಬಗ್ಗಿಸಿ ನೋಡಿ ‘ಗಟ್ಟಿಯಾಗಿದೆ’ ಎಂದು ಮೋಸ ಹೋಗುವುದು ಹೀಗೆಯೇ. ಬಿಗಿತ ಸುಲಭವಾಗಿ ಸಿಗುತ್ತದೆ, ಬಲ ಸಿಗುವುದಿಲ್ಲ.

ಪೆಟ್ಟು ತಾಳುವ ಗುಣದ ಅಂಕಿ ಇನ್ನೂ ಕಣ್ಣು ತೆರೆಸುವಂಥದ್ದು. ಗೀರು ಹಾಕದ ಮಾದರಿಯ ಐಜಾಡ್ ಪರೀಕ್ಷೆಯಲ್ಲಿ ಬರಿಯ ಪ್ಲಾಸ್ಟಿಕ್ ಮೀಟರಿಗೆ 656 ಜೂಲ್ ತಾಳಿದರೆ, ಮರದ ಪುಡಿ ಸೇರಿದ್ದು ತಾಳಿದ್ದು 73. ನಾರು, ಕೊಂಡಿ ಎರಡೂ ಇದ್ದಾಗಲೂ 162. ಬಕೆಟ್, ಹೆಲ್ಮೆಟ್, ಕೆಳಗೆ ಬೀಳುವ ಯಾವುದೇ ಸಾಮಾನಿಗೆ ಮರದ ಬೆರಕೆ ತಕ್ಕುದಲ್ಲ ಎನ್ನಲು ಇಷ್ಟು ಸಾಕು. ಒಂದೇ ಕಡೆ ನಿಂತು ಭಾರ ಹೊರುವ, ಬಾಗಬಾರದ ವಸ್ತುಗಳಿಗೆ ಅದು ಸರಿ.

ಕಿಲೊ ಲೆಕ್ಕದ ಮರುಳು

‘ಶೇ 40 ಫಿಲ್ಲರ್ (ಬೆರಕೆ ಪುಡಿ) ಹಾಕಿದರೆ ಶೇ 40 ಪ್ಲಾಸ್ಟಿಕ್ ಉಳಿತಾಯ’ ಎಂಬ ಮಾತು ಮೋಲ್ಡಿಂಗ್ ಶೆಡ್‌ಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದು ತಪ್ಪು ಲೆಕ್ಕ. ಕಚ್ಚಾವಸ್ತುವನ್ನು ಕೊಳ್ಳುವುದು ಕಿಲೊಗೆ, ಅಚ್ಚು ತುಂಬುವುದು ಗಾತ್ರಕ್ಕೆ. ಪಾಲಿಪ್ರೊಪಿಲೀನಿನ ಸಾಂದ್ರತೆ ಘನ ಸೆಂಟಿಮೀಟರಿಗೆ 0.905 ಗ್ರಾಂ, ಟಾಲ್ಕಿನದು ಸುಮಾರು 2.75. ಬರಿಯ ಪ್ಲಾಸ್ಟಿಕ್ಕಿನಲ್ಲಿ 100 ಗ್ರಾಂ ತೂಗುವ ಒಂದು ಭಾಗವನ್ನು ಶೇ 40 ಟಾಲ್ಕ್ ಸೇರಿದ ಕಂಪೌಂಡಿನಲ್ಲಿ ಮಾಡಿದರೆ ಅದರ ತೂಕ 137 ಗ್ರಾಂ ಆಗುತ್ತದೆ. ಅದರಲ್ಲಿ ಪ್ಲಾಸ್ಟಿಕ್ 82 ಗ್ರಾಂ, ಟಾಲ್ಕ್ 55 ಗ್ರಾಂ. ಉಳಿದದ್ದು 18 ಗ್ರಾಂ ಪ್ಲಾಸ್ಟಿಕ್, ಖರ್ಚಾದದ್ದು 55 ಗ್ರಾಂ ಟಾಲ್ಕ್ ಜೊತೆಗೆ ಕಂಪೌಂಡ್ ಮಾಡಿಸಿದ ಕೂಲಿ, ಮೇಲೆ ಹೆಚ್ಚಿದ ಸಾಗಣೆ ತೂಕ. ಮರ ಇಲ್ಲಿ ಮೇಲು. ಶೇ 40 ಮರದ ಪುಡಿಯಿರುವ ಕಂಪೌಂಡಿನ ಸಾಂದ್ರತೆ ಸುಮಾರು 1.05, ಅದೇ ಭಾಗ 116 ಗ್ರಾಂ ತೂಗುತ್ತದೆ, ಪ್ಲಾಸ್ಟಿಕ್ 70 ಗ್ರಾಂ ಸಾಕು.

ಹಾಗಾದರೆ ಖನಿಜ ಏಕೆ ಬೇಕು? ಬೆಲೆಗಾಗಿ ಅಲ್ಲ, ಗುಣಕ್ಕಾಗಿ. ಬಿಗಿತ ಹೆಚ್ಚಿದರೆ ಭಾಗದ ಗೋಡೆಯನ್ನು ತೆಳ್ಳಗೆ ಮಾಡಬಹುದು, ತೆಳ್ಳಗಾದದ್ದು ಬೇಗ ತಣಿಯುತ್ತದೆ, ಗಂಟೆಗೆ ಹೆಚ್ಚು ಭಾಗಗಳು ಹೊರಬರುತ್ತವೆ. ಅಳತೆ ಕೆಡುವುದಿಲ್ಲ. ನಿಜವಾದ ಉಳಿತಾಯ ಇರುವುದು ಅಲ್ಲಿ.

ಯಂತ್ರದ ಮೇಲೆ

ಬೆರೆಸುವ ಕೆಲಸಕ್ಕೆ ಎರಡು ಸ್ಕ್ರೂಗಳು ಒಂದೇ ದಿಕ್ಕಿಗೆ ತಿರುಗುವ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ ಬೇಕು. ಮೊದಲು ಪ್ಲಾಸ್ಟಿಕ್ ಕರಗಬೇಕು, ಆಮೇಲೆ ಬ್ಯಾರೆಲಿನ ಪಕ್ಕದ ಬಾಯಿಯಿಂದ ಪುಡಿ ಒಳಹೋಗಬೇಕು. ಎರಡನ್ನೂ ಒಟ್ಟಿಗೇ ಹಾಪರಿಗೆ ಸುರಿದರೆ ಗಟ್ಟಿ ದಾಣೆಗಳ ನಡುವೆ ಸಿಕ್ಕ ನಾರು ಪುಡಿಪುಡಿಯಾಗುತ್ತದೆ; ಉದ್ದ ಕಳೆದುಕೊಂಡ ನಾರು ಬರಿಯ ಹೊಟ್ಟಿಗೆ ಸಮ. ಉಳಿದ ತೇವ, ಆವಿ ಹೊರಹೋಗಲು ವ್ಯಾಕ್ಯೂಮ್ ಕಿಂಡಿ ಕಡ್ಡಾಯ. ಮರ ಸೇರಿದ ಎಳೆಗಳನ್ನು ಮಾಮೂಲಿನಂತೆ ನೀರಿನ ತೊಟ್ಟಿಯಲ್ಲಿ ತಣಿಸಿದರೆ ಒಣಗಿಸಿದ ಶ್ರಮವೆಲ್ಲ ನೀರುಪಾಲಾಗುತ್ತದೆ. ಡೈಯ ಮುಖದಲ್ಲೇ ಕತ್ತರಿಸಿ ಗಾಳಿಯಲ್ಲಿ ತಣಿಸುವ ಕ್ರಮ ಮೇಲು.

ಇಂಜೆಕ್ಷನ್ ಮೋಲ್ಡಿಂಗ್ ಮಾಡುವಾಗ ಗೇಟನ್ನು, ಅಂದರೆ ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಕ್ಕೆ ಹೋಗುವ ಬಾಯಿಯನ್ನು, ದೊಡ್ಡದು ಮಾಡಿ, ಒತ್ತುವ ವೇಗವನ್ನು ತಗ್ಗಿಸಬೇಕು. ಸಣ್ಣ ಗೇಟಿನಲ್ಲಿ ರಭಸದಿಂದ ನುಗ್ಗಿದಾಗ ಉಜ್ಜಾಟದ ಬಿಸಿಯೇ ಮರವನ್ನು ಸುಡುತ್ತದೆ, ಪರದೆಯ ಮೇಲೆ 190 ಡಿಗ್ರಿ ಎಂದು ತೋರಿಸುತ್ತಿದ್ದರೂ. ಊಟದ ವಿರಾಮಕ್ಕೆ ಯಂತ್ರ ನಿಲ್ಲಿಸುವ ಮುನ್ನ ಬ್ಯಾರೆಲಿನಲ್ಲಿರುವುದನ್ನು ಬರಿಯ ಪ್ಲಾಸ್ಟಿಕ್ಕಿನಿಂದ ತಳ್ಳಿ ಖಾಲಿ ಮಾಡಬೇಕು. ಅಚ್ಚಿನೊಳಗೆ ಎರಡು ಕಡೆಯಿಂದ ಬಂದ ಹರಿವು ಕೂಡುವ ಗೆರೆಯಲ್ಲಿ ನಾರುಗಳು ಗೆರೆಗೆ ಸಮಾನಾಂತರವಾಗಿ ಮಲಗುತ್ತವೆ, ಒಂದರ ನಾರು ಇನ್ನೊಂದರೊಳಗೆ ದಾಟುವುದಿಲ್ಲ. ಸ್ಕ್ರೂ ಬಿಗಿಯುವ ತೂತಿನ ಹಿಂದೆಯೇ ಆ ಗೆರೆ ಬಿದ್ದರೆ ಭಾಗ ಅಲ್ಲೇ ಸೀಳುತ್ತದೆ. ಗೇಟಿನ ಜಾಗ ಬದಲಿಸುವುದೇ ಅದಕ್ಕೆ ದಾರಿ.

ದೂಳಿನ ವಿಷಯದಲ್ಲಿ ಉಡಾಫೆ ಸಲ್ಲದು. ಮರದ ದೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿ ಮಾಡಿದೆ, ಮತ್ತು ಗಾಳಿಯಲ್ಲಿ ತೇಲುವ ನುಣ್ಣನೆಯ ಒಣ ದೂಳಿಗೆ ಒಂದು ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ಒಣಗಿಸಿದ ಪುಡಿಯ ಹತ್ತಿರ ವೆಲ್ಡಿಂಗ್, ಬೀಡಿ ಎರಡೂ ನಿಷಿದ್ಧ. ಪುಡಿ ಸುರಿಯುವ ಜಾಗದಲ್ಲಿ ದೂಳು ಹೀರುವ ಯಂತ್ರ, ಕೆಲಸಗಾರರಿಗೆ ದೂಳು ಸೋಸುವ ಮುಖಗವಸು ಬೇಕು. ಮೂಗಿಗೆ ಕಟ್ಟಿದ ಟವೆಲ್ಲು ಸಾಲದು.

ಕೊಳ್ಳುವವರು ನೋಡಬೇಕಾದದ್ದು

ಅಂಗಡಿಗಳಲ್ಲಿ ಡಬ್ಲ್ಯುಪಿಸಿ ಹೆಸರಿನಲ್ಲಿ ಸಿಗುವುದು ಒಂದೇ ವಸ್ತುವಲ್ಲ. ಬಾಗಿಲು, ಅಡುಗೆಮನೆ ಕಪಾಟುಗಳಿಗೆ ಮಾರುವ ಹಗುರ ಹಲಗೆ ಬಹುಪಾಲು ನೊರೆಯುಬ್ಬಿಸಿದ ಪಿವಿಸಿ. ಅದರಲ್ಲಿ ಸುಣ್ಣದ ಕಲ್ಲಿನ ಪುಡಿ ಇರುತ್ತದೆ. ಮರದ ಪುಡಿ ಕೆಲವುಗಳಲ್ಲಿ ತೀರಾ ಕಡಿಮೆ. ಹೊರಾಂಗಣಕ್ಕೆ ಹಾಸುವ ಗಟ್ಟಿ ಹಲಗೆಯಲ್ಲಿ ನಿಜಕ್ಕೂ ಅರ್ಧದಷ್ಟು ಮರವಿರುತ್ತದೆ, ನೀರಿನಲ್ಲಿ ಮುಳುಗುತ್ತದೆ. ಹಗುರ ಹಲಗೆಯ ಗುಣಮಟ್ಟ ತಿಳಿಯಲು ತೂಕವೇ ಸುಲಭದ ದಾರಿ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಹಲಗೆ 0.6 ಸಾಂದ್ರತೆಯದ್ದಾದರೆ ಸುಮಾರು 32 ಕಿಲೊ ತೂಗಬೇಕು. 27 ಕಿಲೊ ತೂಗಿದರೆ ಸಾಂದ್ರತೆ 0.5ರಷ್ಟೇ, ಕೀಲಿನ ಸ್ಕ್ರೂ ಅಲ್ಲಿ ಸಡಿಲವಾಗುವ ಸಂಭವ ಹೆಚ್ಚು. ಪಿವಿಸಿ 80 ಡಿಗ್ರಿಯ ಹತ್ತಿರ ಮೆತ್ತಗಾಗುವುದರಿಂದ ಒಲೆಯ ಪಕ್ಕಕ್ಕೆ, ಪಡುವಣದ ಬಿಸಿಲು ನೇರ ಬೀಳುವ ಕಡೆಯ ಕಡುಬಣ್ಣದ ಬಾಗಿಲಿಗೆ ಅದು ಬೇಡ.

ಮರವಿರುವ ಹಲಗೆಗೆ ಹುಳ ಹಿಡಿಯದು, ಕೊಳೆಯದು ಎಂಬ ಭರವಸೆಯನ್ನು ಪೂರ್ತಿ ನಂಬುವಂತಿಲ್ಲ. ಫ್ಲಾರಿಡಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಕಾಲುದಾರಿಗೆ ಹಾಸಿದ್ದ ಇಂಥ ಹಲಗೆಗಳ ಮೇಲೆ ಕೊಳೆಯಿಸುವ ಶಿಲೀಂಧ್ರಗಳು ಬೆಳೆದದ್ದು 1998ರಲ್ಲಿ ವರದಿಯಾಯಿತು. ಅಲ್ಲಿಂದೀಚೆಗೆ ಶೇ 1–2ರಷ್ಟು ಸತು ಬೊರೇಟ್ ಸೇರಿಸುವ ರೂಢಿ ಬಂದಿದೆ. ಮಲೆನಾಡು, ಕರಾವಳಿಯ ಮಳೆಗೆ ಒಡ್ಡುವುದಾದರೆ ಇದನ್ನು ಕೇಳಿ ಕೊಳ್ಳಬೇಕು. ಬಿಸಿಲಿಗೆ ಬಣ್ಣ ಮಾಸದಂತೆ ಯುವಿ ತಡೆ ಇದೆಯೇ ಎಂಬುದನ್ನೂ. ಒಂದು ತುಂಡನ್ನು ಕತ್ತರಿಸಿ, ದಪ್ಪ ಅಳೆದು, ಎರಡು ವಾರ ನೀರಿನಲ್ಲಿಟ್ಟು ಮತ್ತೆ ಅಳೆದರೆ ಕತ್ತರಿಸಿದ ಅಂಚಿನ ಉಬ್ಬು ತಾನೇ ಹೇಳುತ್ತದೆ.

ಹಾಸುವಾಗ ಸಂದು ಬಿಡಲೇಬೇಕು. ಇಂಥ ಹಲಗೆ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.05 ಮಿಲಿಮೀಟರ್ ಹಿಗ್ಗುತ್ತದೆ ಎಂದಿಟ್ಟುಕೊಂಡರೆ, 2.4 ಮೀಟರ್ ಹಲಗೆ ಮುಂಜಾವಿಗೂ ನಡುಹಗಲಿಗೂ ನಡುವಿನ 30 ಡಿಗ್ರಿ ಅಂತರಕ್ಕೆ 3.6 ಮಿಲಿಮೀಟರ್ ಬೆಳೆಯುತ್ತದೆ. ಕೆಳಗಿನ ಆಧಾರಪಟ್ಟಿಗಳನ್ನು ಮರದ ಹಲಗೆಗೆ ಇಡುವುದಕ್ಕಿಂತ ಹತ್ತಿರ ಹತ್ತಿರ ಇಡಬೇಕು. ನಿರಂತರ ಭಾರದ ಕೆಳಗೆ ಪ್ಲಾಸ್ಟಿಕ್ ತಿಂಗಳುಗಟ್ಟಲೆ ನಿಧಾನವಾಗಿ ಬಾಗುತ್ತಲೇ ಇರುತ್ತದೆ, ಹೂಕುಂಡದ ಸಾಲಿನ ಕೆಳಗೆ ಇದು ಬೇಗ ಗೊತ್ತಾಗುತ್ತದೆ.

ಖನಿಜದ ಪಾಲು ಎಷ್ಟೆಂದು ತಿಳಿಯಬೇಕಾದ ಘಟಕಗಳು ಬೂದಿ ಪರೀಕ್ಷೆ ಮಾಡಿಸಬಹುದು. ತೂಗಿದ ಚೂರನ್ನು ಮಫಲ್ ಕುಲುಮೆಯಲ್ಲಿ 550–600 ಡಿಗ್ರಿಯಲ್ಲಿ ಸುಟ್ಟರೆ ಪ್ಲಾಸ್ಟಿಕ್, ಮರ ಎರಡೂ ಹೋಗಿ ಖನಿಜ ಉಳಿಯುತ್ತದೆ. ಬಿಸಿ ಇದಕ್ಕಿಂತ ಬಹಳ ಏರಿದರೆ ಸುಣ್ಣದ ಕಲ್ಲು ಇಂಗಾಲದ ಡೈಆಕ್ಸೈಡ್ ಬಿಟ್ಟು ತೂಕ ಕಳೆದುಕೊಳ್ಳುವುದರಿಂದ ಲೆಕ್ಕ ತಪ್ಪುತ್ತದೆ. ತಣಿದ ಬೂದಿಗೆ ತೆಳು ಹೈಡ್ರೊಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ನೊರೆಯೆದ್ದರೆ ಸುಣ್ಣದ ಕಲ್ಲು. ನೊರೆ ಬರದಿದ್ದರೆ ಟಾಲ್ಕ್ ಅಥವಾ ಬೇರೆ ಖನಿಜ. ಪಿವಿಸಿ ಸುಟ್ಟರೆ ವಿಷದ ಹೊಗೆ ಬರುವುದರಿಂದ ಇದನ್ನು ಹೊಗೆ ಹೀರುವ ವ್ಯವಸ್ಥೆ ಇರುವ ಲ್ಯಾಬಿನಲ್ಲೇ ಮಾಡಬೇಕು. ಮೈಸೂರಿನಲ್ಲಿರುವ ಸಿಪೆಟ್‌ನಂಥ ಸಂಸ್ಥೆಗಳು ಪ್ಲಾಸ್ಟಿಕ್ ಪರೀಕ್ಷೆಗಳನ್ನು ಮಾಡಿಕೊಡುತ್ತವೆ.

ಮಿಕ್ಕ ತುಂಡು, ಸ್ಪ್ರೂಗಳನ್ನು ಅರೆದು ಮತ್ತೆ ಬಳಸಬಹುದು. ಟಾಲ್ಕ್, ಸುಣ್ಣದ ಕಲ್ಲಿನ ಕಂಪೌಂಡ್ ಇದನ್ನು ಚೆನ್ನಾಗಿ ತಾಳುತ್ತದೆ. ಮರದ್ದು ಪ್ರತಿ ಸುತ್ತಿಗೂ ಕಪ್ಪಾಗುತ್ತದೆ, ನಾರು ತುಂಡಾಗುತ್ತದೆ, ಅರೆದ ಚೂರು ತೇವ ಹೀರಿರುತ್ತದೆ. ಆದ್ದರಿಂದ ಅದನ್ನು ಹೊಸದಾಗಿ ಒಣಗಿಸಿ, ಹೊಸ ಕಂಪೌಂಡಿಗೆ ಸ್ವಲ್ಪ ಸ್ವಲ್ಪವಾಗಿ, ಕಡುಬಣ್ಣದ ಸಾಮಾನುಗಳಿಗೆ ಮಾತ್ರ ಸೇರಿಸುವುದು ಕ್ಷೇಮ.